ಸದ್ದಿಲ್ಲದ ಬೈಕು, ಅಪ್ಪನ ಕಿವಿ

"ಮೇಡಂ, ಸ್ಪೋರ್ಟ್ಸ್ ಮೋಡ್‌ಗೆ ಹಾಕಿ ಒಂದ್ಸಲ ಥ್ರಾಟಲ್ ತಿರುವಿ ನೋಡಿ. ಆಮೇಲೆ ನೀವೇ ಹೇಳ್ತೀರ" ಅಂದ ಶೋರೂಮಿನ ಹುಡುಗ. ತಿರುವಿದೆ. ಬೈಕು ಸದ್ದೇ ಇಲ್ಲದೆ ಮುಂದಕ್ಕೆ ಚಿಮ್ಮಿತು. ಜಾತ್ರೆಯ ತೊಟ್ಟಿಲು ಮೇಲಿನಿಂದ ಇಳಿಯುವಾಗ ಹೊಟ್ಟೆಯಲ್ಲಿ ಏನಾಗುತ್ತಲ್ಲ, ಅದೇ ಆಯ್ತು. ಒಂದು ಸುತ್ತು ಹೊಡೆದು ವಾಪಸ್ ಬಂದಾಗ ಮುಖದ ತುಂಬ ನಗು ಇತ್ತು ಅನ್ಸುತ್ತೆ, ಯಾಕಂದ್ರೆ ಹುಡುಗ ಆಗಲೇ ಬುಕಿಂಗ್ ಫಾರಂ ತೆಗೆದು ಟೇಬಲ್ ಮೇಲೆ ಇಟ್ಟಿದ್ದ. ಅಪ್ಪ ಮಾತ್ರ ಪಕ್ಕದಲ್ಲಿ ನಿಲ್ಲಿಸಿದ್ದ ಅದೇ ಮಾಡೆಲ್‌ನ ಇನ್ನೊಂದು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಾಕಿಕೊಂಡು ಕೆಳಗಿನ ವೈರುಗಳನ್ನ ನೋಡ್ತಿದ್ರು.

"ಸರ್, ಅಲ್ಲಿ ಏನೂ ಇಲ್ಲ. ಇಂಜಿನ್ನೇ ಇಲ್ವಲ್ಲ!"

"ಅದಕ್ಕೇ ನೋಡ್ತಿರೋದು ಕಣಪ್ಪ" ಅಂದ್ರು ಅಪ್ಪ.

ಇದು ನನ್ನ ಎರಡನೇ ಎಲೆಕ್ಟ್ರಿಕ್ ಬೈಕಿನ ಕಥೆ. ಮೊದಲನೆಯದನ್ನ ಕೊಂಡಾಗ ಅಪ್ಪನ್ನ ಕರೆದಿರಲಿಲ್ಲ. ತುಮಕೂರಿನಲ್ಲಿ 32 ವರ್ಷ ಟೂವೀಲರ್ ಗ್ಯಾರೇಜ್ ನಡೆಸಿದ ಮನುಷ್ಯನ ಮಗಳು ಒಂದು ಮಾತು ಕೇಳದೆ ಬೈಕ್ ಕೊಂಡಳು ಅಂದ್ರೆ ಊರವರು ನಗ್ತಾರೆ. ಆದರೆ ಆಗ ನನ್ನ ಲೆಕ್ಕ ಬೇರೆ ಇತ್ತು. ಅಪ್ಪ ಬಲ್ಲದ್ದು ಕಾರ್ಬುರೇಟರ್, ಕ್ಲಚ್ ಪ್ಲೇಟು. ನಾನು ಕೊಳ್ಳೋದು ಚಕ್ರ ಇರೋ ಕಂಪ್ಯೂಟರ್. ಅದರಲ್ಲಿ ಅವರಿಗೇನು ಗೊತ್ತಾಗುತ್ತೆ?

2023ರ ಮೇ ತಿಂಗಳು ಅದು. ಜೂನ್ 1ರಿಂದ ಕೇಂದ್ರದ ಫೇಮ್-2 ಸಬ್ಸಿಡಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಇದ್ದದ್ದು 10,000ಕ್ಕೆ ಇಳಿಯುತ್ತೆ ಅಂತ ಎಲ್ಲ ಕಡೆ ಸುದ್ದಿ. ಶೋರೂಮುಗಳ ಮುಂದೆ ಜನವೋ ಜನ. ಹತ್ತು ನಿಮಿಷದ ಟೆಸ್ಟ್ ರೈಡ್, ಅದೇ ಹೊಟ್ಟೆಯ ಝುಂ, ಆ ಸಂಜೆಯೇ ಹಣ ಕಟ್ಟಿದೆ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಡೆಮೊದಲ್ಲಿ ಚೆನ್ನಾಗಿ ಓಡಿದ್ದು ಗಿರಾಕಿಯ ಕೈಗೆ ಹೋದಾಗ ಬೀಳುತ್ತೆ ಅಂತ ಆಫೀಸಿನಲ್ಲಿ ದಿನಾ ಜಗಳ ಆಡೋಳು. ಅವತ್ತು ಆ ಬುದ್ಧಿ ಎಲ್ಲಿಗೆ ಹೋಗಿತ್ತೋ.

ಒಂದು ವರ್ಷ ಚೆನ್ನಾಗೇ ಇತ್ತು. ಯಲಹಂಕದಿಂದ ಎಂ.ಜಿ. ರಸ್ತೆಯ ಪಕ್ಕದ ಆಫೀಸಿಗೆ ಹೋಗಿ ಬರೋದು. ಪೆಟ್ರೋಲ್ ಬಂಕಿನ ಮುಖ ನೋಡಲಿಲ್ಲ. 2024ರ ಮಳೆಗಾಲದಲ್ಲಿ ಅಮ್ಮ ಕಣ್ಣಿನ ಪರೀಕ್ಷೆಗೆ ಅಂತ ಬಂದಿದ್ದಳು. ಹಿಂದೆ ಕೂರಿಸಿಕೊಂಡು ಹೊರಟೆ. ಹೆಬ್ಬಾಳ ಫ್ಲೈಓವರಿನ ಏರಿನಲ್ಲಿ, ಜೋರು ಮಳೆಯಲ್ಲಿ, ಬೈಕು ಸುಮ್ಮನಾಗಿಬಿಟ್ಟಿತು. ಪೆಟ್ರೋಲ್ ಬೈಕಾದ್ರೆ ಸಾಯೋ ಮೊದಲು ಕೆಮ್ಮುತ್ತೆ, ಉಸಿರು ಎಳೆಯುತ್ತೆ, ಪಕ್ಕಕ್ಕೆ ತಗೊಳ್ಳೋಕೆ ಒಂದೆರಡು ಕ್ಷಣ ಕೊಡುತ್ತೆ. ಇದು ಏನೂ ಹೇಳಲಿಲ್ಲ. ಥ್ರಾಟಲ್ ತಿರುವಿದ್ರೆ ಏನೂ ಇಲ್ಲ. ಹಿಂದೆ ಬರ್ತಿದ್ದ ಬಸ್ಸು ಕಿರ್ರನೆ ಬ್ರೇಕ್ ಹಾಕಿ ನಿಂತಾಗ ಅದರ ಬಂಪರ್‌ಗೂ ಅಮ್ಮನ ಬೆನ್ನಿಗೂ ಒಂದು ಮಾರು ದೂರ ಇದ್ದಿರಬಹುದು. ಡ್ರೈವರ್ ಬೈದದ್ದು ಒಂದೂ ನೆನಪಿಲ್ಲ. ಅಮ್ಮ ಇಳಿದು ಗೋಡೆ ಹಿಡಿದುಕೊಂಡು ನಿಂತದ್ದು, ಅವಳ ಕೈ ನಡುಗ್ತಿದ್ದದ್ದು ನೆನಪಿದೆ.

ಡಿಸ್‌ಪ್ಲೇಯಲ್ಲಿ ಸೈಡ್ ಸ್ಟ್ಯಾಂಡಿನ ಚಿಹ್ನೆ ಮಿನುಗ್ತಿತ್ತು. ಸ್ಟ್ಯಾಂಡ್ ಮೇಲೇ ಇತ್ತು. ಆದರೆ ಸ್ಟ್ಯಾಂಡಿನ ಹತ್ತಿರದ ಸಣ್ಣ ಸ್ವಿಚ್ಚಿನ ಕನೆಕ್ಟರ್ ಒಳಗೆ ನೀರು ಹೋಗಿ, ಅದು "ಸ್ಟ್ಯಾಂಡ್ ಇಳಿದಿದೆ" ಅಂತ ಕಂಟ್ರೋಲರ್‌ಗೆ ಸುಳ್ಳು ಹೇಳಿತ್ತು. ಸ್ಟ್ಯಾಂಡ್ ಇಳಿದಿದ್ರೆ ಮೋಟರ್‌ಗೆ ಕರೆಂಟು ಕೊಡಬಾರದು ಅನ್ನೋದು ಸುರಕ್ಷತೆಗೆ ಇಟ್ಟ ವ್ಯವಸ್ಥೆ. ಕಂಟ್ರೋಲರ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಸರ್ವಿಸ್ ಸೆಂಟರ್‌ನವರು "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೀವಿ ಮೇಡಂ" ಅಂದ್ರು. ಮತ್ತೆ ಎರಡು ಸಲ ಹಾಗೇ ನಿಂತಿತು. ಕೊನೆಗೆ ಅಪ್ಪನೇ ಬಸ್ಸು ಹತ್ತಿ ಬಂದು, ಆ ಕನೆಕ್ಟರ್ ಬಿಚ್ಚಿ, ಒಳಗೆ ಹಸಿರು ಕಿಲುಬು ಹಿಡಿದದ್ದನ್ನ ನನ್ನ ಅಂಗೈ ಮೇಲೆ ಇಟ್ಟು ತೋರಿಸಿದರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಬೈಕನ್ನ ನಷ್ಟಕ್ಕೆ ಮಾರಿದೆ. ಅಮ್ಮ ಆಮೇಲೆ ನನ್ನ ಹಿಂದೆ ಕೂರಲಿಲ್ಲ. ಬೆಂಗಳೂರಿಗೆ ಬಂದ್ರೆ ಆಟೋ.

ಕಳೆದ ವರ್ಷ ಮತ್ತೆ ಕೊಳ್ಳೋ ಯೋಚನೆ ಬಂದಾಗ ಅಪ್ಪನಿಗೆ ಫೋನ್ ಮಾಡಿದೆ. "ಮತ್ತೆ ಕರೆಂಟಿಂದೇನಾ?" ಅಂತ ಕೇಳಿದ್ರು. "ಹೂಂ ಅಪ್ಪ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಶನಿವಾರ ಬರ್ತೀನಿ" ಅಂದ್ರು.

ಅಪ್ಪನ ಕಿವಿಯ ಬಗ್ಗೆ ಹೇಳಬೇಕು. ಉದ್ದದ ಸ್ಕ್ರೂಡ್ರೈವರ್ ತುದಿಯನ್ನ ಇಂಜಿನ್ನಿಗೆ ಒತ್ತಿ, ಹಿಡಿಯನ್ನ ಕಿವಿಗೆ ಇಟ್ಟುಕೊಂಡು, ಡಾಕ್ಟರ ಹಾಗೆ ಕೇಳ್ತಿದ್ರು. ಟ್ಯಾಪೆಟ್ ಸದ್ದೋ, ಟೈಮಿಂಗ್ ಚೈನ್ ಸಡಿಲವೋ, ಬೇರಿಂಗ್ ಹೋಗಿದೆಯೋ ಅಂತ ಬಿಚ್ಚುವ ಮೊದಲೇ ಹೇಳ್ತಿದ್ರು. ಆರ್‌ಎಕ್ಸ್ 100 ಒಂದು ಬೀದಿಯಾಚೆ ಬರ್ತಿದ್ರೆ ಯಾರದ್ದು ಅಂತಲೂ ಹೇಳ್ತಿದ್ರು, ಇದು ಉತ್ಪ್ರೇಕ್ಷೆ ಅಲ್ಲ. ಎಲೆಕ್ಟ್ರಿಕ್ ಬೈಕಿನ ಮುಂದೆ ಈ ಕಿವಿಗೆ ಏನು ಕೆಲಸ ಅಂದುಕೊಂಡಿದ್ದೆ. ಕೆಲಸ ಜಾಸ್ತಿಯೇ ಆಯ್ತು.

ಮೊದಲ ಶೋರೂಮಿನಲ್ಲಿ ವೈರು ನೋಡಿ ಎದ್ದ ಮೇಲೆ ಅಪ್ಪ ಒಂದು ಸುತ್ತು ಓಡಿಸಿಕೊಂಡು ಬಂದ್ರು. ನುಣುಪಾದ ಮುಖ್ಯ ರಸ್ತೆಯಲ್ಲಲ್ಲ, ಶೋರೂಮಿನ ಹಿಂದಿನ, ಪೈಪಿಗಾಗಿ ಅಗೆದು ಮುಚ್ಚಿದ್ದ ಗಲ್ಲಿಯಲ್ಲಿ. ಬಂದವರೇ, "ಮುಂದಿನ ಹೆಡ್‌ಲೈಟ್ ಡೂಮು ಲೂಸು. ಹಿಂದಿನ ಮಡ್‌ಗಾರ್ಡ್ ಅಲ್ಲಾಡ್ತಿದೆ. ಮುಂದಿನ ಬ್ರೇಕ್ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಾ ಇದೆ" ಅಂದ್ರು. ನಾನು ಅದೇ ಬೈಕನ್ನ ಅದೇ ಗಲ್ಲಿಯಲ್ಲಿ, ಹೆಲ್ಮೆಟ್ಟಿನ ಗಾಜು ಎತ್ತಿ, ನಿಧಾನಕ್ಕೆ ಓಡಿಸಿದೆ. ಎಲ್ಲ ಕೇಳಿಸಿತು! ಪೆಟ್ರೋಲ್ ಬೈಕಿನಲ್ಲಿ ಇಂಜಿನ್ ಸದ್ದು ಮದುವೆ ಮನೆಯ ವಾಲಗದ ಹಾಗೆ, ಒಳಗಿನ ಜಗಳ ಹೊರಗೆ ಕೇಳೋಕೆ ಬಿಡಲ್ಲ. ಇಲ್ಲಿ ಆ ಮರೆ ಇಲ್ಲ. ಸಡಿಲವಾದ ಪ್ಯಾನೆಲ್, ಸ್ವಿಂಗ್ ಆರ್ಮಿಗೆ ಬಡಿಯೋ ಚೈನು, ಬೇರಿಂಗಿನ ಗುಂಯ್ ಸದ್ದು, ಎಲ್ಲ ಬಯಲಾಗುತ್ತೆ. ನಾನು ಮಾತ್ರ ಮೊದಲ ಸುತ್ತಿನಲ್ಲಿ ಸ್ಪೋರ್ಟ್ಸ್ ಮೋಡಿನಲ್ಲಿ ಗಾಳಿಯ ಸದ್ದಷ್ಟೇ ಕೇಳಿದ್ದೆ.

ಆ ಝುಂ ಅನ್ನೋದರ ಬಗ್ಗೆಯೂ ಒಂದು ಮಾತು. ಎಲೆಕ್ಟ್ರಿಕ್ ಮೋಟರ್ ನಿಂತಲ್ಲಿಂದಲೇ ತನ್ನ ಪೂರ್ತಿ ಟಾರ್ಕ್ ಕೊಡುತ್ತೆ. ಅದು ಅದರ ಹುಟ್ಟುಗುಣ. ಕಳಪೆ ಬೈಕಿನಲ್ಲೂ ಮೊದಲ ಎಳೆತ ಚೆನ್ನಾಗೇ ಇರುತ್ತೆ. ಹಾಗಾಗಿ ಹತ್ತು ನಿಮಿಷದ ರೈಡಿನಲ್ಲಿ ಬೈಕು ತೋರಿಸೋದು ಅದಕ್ಕೆ ಅತಿ ಸುಲಭವಾದದ್ದನ್ನ. ಜಾಹೀರಾತಿನ ಅಂಕಿಗಳೂ ಹಾಗೇ. ಕೆಲವರು ಟಾರ್ಕನ್ನ ಮೋಟರ್ ಹತ್ತಿರ ಅಳೆದು ಹೇಳ್ತಾರೆ, ಕೆಲವರು ಹಿಂದಿನ ಚಕ್ರದ ಹತ್ತಿರ. ಮೋಟರ್‌ನಲ್ಲಿ 25 ನ್ಯೂಟನ್ ಮೀಟರ್ ಇದ್ದು ನಡುವಿನ ಗೇರಿಂಗ್ ಎಂಟು ಪಟ್ಟು ಆದ್ರೆ ಚಕ್ರದಲ್ಲಿ 200 ಆಗುತ್ತೆ. ಎರಡೂ ಸತ್ಯವೇ. ಆದರೆ ಒಬ್ಬರ 25ನ್ನ ಇನ್ನೊಬ್ಬರ 200ರ ಪಕ್ಕ ಇಟ್ಟು ನೋಡಿದವರು ಮೋಸ ಹೋಗ್ತಾರೆ. ಪವರ್ ಕೂಡ ಅಷ್ಟೆ. 'ಪೀಕ್' ಅಂದ್ರೆ ಕೆಲವು ಸೆಕೆಂಡು ಕೊಡಬಲ್ಲದ್ದು. ಸತತವಾಗಿ ಎಷ್ಟು ಅಂತ ಕೇಳಿದ್ರೆ ಶೋರೂಮಿನ ಹುಡುಗ ಮ್ಯಾನೇಜರ್ ಕಡೆ ನೋಡ್ತಾನೆ.

ಹಾಗಂತ ನಮ್ಮವರು ಒಳ್ಳೇದು ಮಾಡ್ತಿಲ್ಲ ಅಂತಲ್ಲ. 2019ರಲ್ಲಿ ರಿವೋಲ್ಟ್ ಆರ್‌ವಿ 400 ಬಂದಾಗ ಎಲೆಕ್ಟ್ರಿಕ್ ಮೋಟರ್‌ಸೈಕಲ್ ಅನ್ನೋದೇ ನಮ್ಮಲ್ಲಿ ಅಪರೂಪ. ಈಗ ಬೆಂಗಳೂರಿನಲ್ಲೇ ಅಲ್ಟ್ರಾವಯೊಲೆಟ್, ಓಬೆನ್ ಇವೆ. 2022ರ ನವೆಂಬರ್‌ನಲ್ಲಿ ಬಂದ ಎಫ್77ರ ದೊಡ್ಡ ಬ್ಯಾಟರಿ 10.3 ಕಿಲೋವ್ಯಾಟ್ ಅವರ್‌ನದು. ಅದನ್ನ ನೋಡಿ ಅಪ್ಪ ನಿಜವಾಗಿ ತಲೆದೂಗಿದ್ರು, ನನ್ನ ಬಜೆಟ್ ಮಾತ್ರ ತಲೆ ಅಲ್ಲಾಡಿಸಿತು. ಅಹಮದಾಬಾದಿನ ಮ್ಯಾಟರ್ ಏರಾಗೆ ನಾಲ್ಕು ಗೇರ್ ಇದೆ ಅಂತ ಕೇಳಿ ಅಪ್ಪನಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಊಟ ಮಾಡುವಾಗಲೂ ಅದರದ್ದೇ ಮಾತು. "ಗೇರ್ ಇದೆಯಂತಲ್ಲ, ಅದು ಬೈಕು!"

ನನಗೆ ಒಂದೂವರೆ ಲಕ್ಷದ ಆಸುಪಾಸಿನದು ಬೇಕಿತ್ತು. ಮೂರು ಬೈಕು ನೋಡಿದ್ವಿ. ಹೆಸರು ಬರೆಯಲ್ಲ, ಯಾಕಂದ್ರೆ ಒಂದೇ ಶೋರೂಮಿನ ಒಂದೇ ಮಾಡೆಲ್‌ನ ಎರಡು ಬೈಕಿನಲ್ಲೂ ಪ್ಯಾನೆಲ್ ಸಂದು ಬೇರೆ ಬೇರೆ ಇದ್ದದ್ದನ್ನ ನಾವೇ ನೋಡಿದೀವಿ. ಒಂದರಲ್ಲಿ ಬೆರಳ ಉಗುರು ಹೋಗ್ತಿರಲಿಲ್ಲ, ಇನ್ನೊಂದರಲ್ಲಿ ಒಂದು ರೂಪಾಯಿ ನಾಣ್ಯ ಆರಾಮಾಗಿ ಹೋಯ್ತು.

ಅಪ್ಪ ಎಲ್ಲ ಕಡೆ ಹೊಸ ಬೈಕು ಬಿಟ್ಟು ಡೆಮೊ ಬೈಕಿನ ಹತ್ತಿರ ಹೋಗ್ತಿದ್ರು. ಆರು ತಿಂಗಳು ಕಂಡಕಂಡವರೆಲ್ಲ ಓಡಿಸಿದ ಬೈಕು ಅದು, ಮಳೆ ಬಿಸಿಲು ಎಲ್ಲ ಕಂಡಿರುತ್ತೆ. ಬೋಲ್ಟುಗಳ ತಲೆ ತುಕ್ಕು ಹಿಡಿದಿದೆಯಾ, ಬೋಲ್ಟು ಬಿಗಿ ಮಾಡಿದ್ದಕ್ಕೆ ಫ್ಯಾಕ್ಟರಿಯಲ್ಲಿ ಎಳೆದ ಬಣ್ಣದ ಗೆರೆ ಇದೆಯಾ, ಇದ್ರೆ ಆ ಗೆರೆ ಇನ್ನೂ ನೇರ ಇದೆಯಾ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ತಳ್ಳಿದ್ರೆ ಕೋನ್ ಸೆಟ್ ಟಕ್ ಅನ್ನುತ್ತಾ. ಸೈಡ್ ಸ್ಟ್ಯಾಂಡ್ ಮೇಲೆ ಬಾಗಿಸಿ ಹಿಂದಿನ ಚಕ್ರ ಎತ್ತಿ ನನ್ನ ಕೈಲಿ ಹಿಡಿಸಿ, ತಾವು ಚಕ್ರವನ್ನ ಪಕ್ಕಕ್ಕೆ ಅಲ್ಲಾಡಿಸಿ ನೋಡೋರು. ಆಮೇಲೆ ಹ್ಯಾಂಡಲನ್ನ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ಹಾಗೆ ತಿರುಗಿಸುವಾಗ ವೈರಿನ ಕಟ್ಟು ಎಲ್ಲಾದ್ರೂ ಎಳೆಯುತ್ತಾ, ಚಾಸಿಗೆ ಉಜ್ಜುತ್ತಾ ಅಂತ. ಎರಡನೇ ಶೋರೂಮಿನ ಬೈಕಿನಲ್ಲಿ ಉಜ್ಜಿ ಉಜ್ಜಿ ವೈರಿನ ಕಪ್ಪು ತೋಳು ಬಿಳಿಚಿಕೊಂಡಿತ್ತು. "ಇನ್ನು ಒಂದು ವರ್ಷ" ಅಂದ್ರು ಅಪ್ಪ, ಜಾತಕ ನೋಡಿದವರ ಹಾಗೆ. ಎಲ್ಲ ಬೈಕಿನಲ್ಲೂ ಕೊನೆಗೆ ಹುಡುಕ್ತಿದ್ದದ್ದು ಸೈಡ್ ಸ್ಟ್ಯಾಂಡ್ ಸ್ವಿಚ್ಚು. ಕನೆಕ್ಟರ್‌ಗೆ ರಬ್ಬರ್ ಸೀಲ್ ಇದೆಯಾ, ಅದರ ಬಾಯಿ ಕೆಳಕ್ಕಿದೆಯಾ ಮೇಲಕ್ಕಿದೆಯಾ, ಚಕ್ರದ ನೀರು ನೇರ ಅಲ್ಲಿಗೇ ಹಾರುತ್ತಾ.

ಎಲ್ಲರೂ ಕೇಳೋದು ಬ್ಯಾಟರಿ ಸುಡುತ್ತಾ ಅಂತ. 2022ರ ಬೇಸಿಗೆಯಲ್ಲಿ ಕೆಲವು ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿಕೊಂಡ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮ ಬಿಗಿಯಾಯ್ತು. 2022ರ ಡಿಸೆಂಬರ್ ಮತ್ತು 2023ರ ಮಾರ್ಚ್, ಎರಡು ಹಂತದಲ್ಲಿ ಜಾರಿಗೆ ಬಂತು. ಐಪಿ67 ಅಂತ ಬರೆದಿದ್ರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ತೊಂದರೆ ಆಗಬಾರದು ಅಂತ ಅರ್ಥ. ಆದರೆ ಆ ಮುದ್ರೆ ಯಾವುದಕ್ಕೆ ಅಂತ ನೋಡಬೇಕು. ಬ್ಯಾಟರಿ ಪ್ಯಾಕ್‌ಗೆ ಇದ್ದ ಮಾತ್ರಕ್ಕೆ ಹೊರಗಿನ ಇಪ್ಪತ್ತು ಕನೆಕ್ಟರ್‌ಗಳಿಗೂ ಇದೆ ಅಂತಲ್ಲ. ನನ್ನ ಹಳೇ ಬೈಕಿನ ಬ್ಯಾಟರಿ ಕೊನೆಯವರೆಗೂ ಕಲ್ಲಿನಂತಿತ್ತು.

ಇನ್ನು ಮೈಲೇಜು. ಇಲ್ಲಿ ಅಪ್ಪನಿಗೆ ಹೇಳಿಕೊಟ್ಟವಳು ನಾನು. ಒಂದು ಕಿಲೋವ್ಯಾಟ್ ಅವರ್ ಅಂದ್ರೆ ಬೆಸ್ಕಾಂ ಬಿಲ್ಲಿನ ಒಂದು ಯೂನಿಟ್ಟೇ. ಹಳೇ ಬೈಕಿನಲ್ಲಿ ನನಗೆ ಊರೊಳಗೆ ಯೂನಿಟ್ಟಿಗೆ ಸುಮಾರು 25 ಕಿ.ಮೀ. ಸಿಗ್ತಿತ್ತು. ನಾಲ್ಕು ಯೂನಿಟ್ ಬ್ಯಾಟರಿ ಅಂದ್ರೆ 100, ಕೊನೆಯ ಹತ್ತು ಪರ್ಸೆಂಟ್ ಮುಟ್ಟಲ್ಲ ಅಂದ್ರೆ 90. ಕಂಪನಿ ಅದಕ್ಕೇ 150, 160 ಅಂತ ಬರೆದಿರುತ್ತೆ. ಸುಳ್ಳಲ್ಲ. ಅದು ಇಂಡಿಯನ್ ಡ್ರೈವಿಂಗ್ ಸೈಕಲ್ ಅನ್ನೋ ಪರೀಕ್ಷೆಯ ಅಂಕಿ. ಅದರಲ್ಲಿ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ 22ರ ಹತ್ತಿರ. ಬಳ್ಳಾರಿ ರಸ್ತೆಯಲ್ಲಿ 75ರಲ್ಲಿ ಹೋಗೋರಿಗೆ ಆ ಅಂಕಿ ಏನು ಪ್ರಯೋಜನ? ವೇಗ ಎರಡರಷ್ಟಾದ್ರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತೆ. ಅಪ್ಪ ಇದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ್ರು: "ಸರಿ, ರಿಸರ್ವಿಗೆ ಬಂದಾಗ ಹೆಂಗೆ ಓಡುತ್ತೆ?"

ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಶೋರೂಮಿನಲ್ಲಿ ಬೈಕು ಯಾವಾಗಲೂ 90 ಪರ್ಸೆಂಟ್ ಚಾರ್ಜಿನಲ್ಲೇ ಇರುತ್ತೆ. ಚಾರ್ಜ್ ಇಳಿದ ಹಾಗೆ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತೆ, ಒಂದು ಹಂತದ ಕೆಳಗೆ ಕಂಟ್ರೋಲರ್ ಬೇಕಂತಲೇ ಶಕ್ತಿ ತಗ್ಗಿಸುತ್ತೆ. "20 ಪರ್ಸೆಂಟ್ ಇರೋ ಬೈಕು ಕೊಡಿ, ಇಬ್ಬರು ಕೂತು ಓಡಿಸ್ತೀವಿ" ಅಂತ ಕೇಳಿದಾಗ ಎರಡನೇ ಶೋರೂಮಿನವರು ನಮ್ಮನ್ನ ವಿಚಿತ್ರವಾಗಿ ನೋಡಿದ್ರು. ಸಂಜೆ ಆರಕ್ಕೆ ಬನ್ನಿ, ಅಷ್ಟೊತ್ತಿಗೆ ಇಳಿದಿರುತ್ತೆ ಅಂದ್ರು. ಹೋದ್ವಿ. ಬೆಳಗ್ಗೆ ಬಾಣದ ಹಾಗೆ ಹೋಗಿದ್ದ ಬೈಕು ಸಂಜೆ ಏರಿನಲ್ಲಿ 40 ದಾಟಲಿಲ್ಲ. ಹಿಂದೆ ಲಾರಿ ಹಾರನ್. ನನಗೆ ಬೆನ್ನು ತಣ್ಣಗಾಯ್ತು.

ಮೂರನೆಯದನ್ನ ತುಮಕೂರಿನಲ್ಲಿ ನೋಡಿದ್ವಿ. ಅಲ್ಲಿಯ ಡೀಲರ್ ಅಪ್ಪನ ಹಳೇ ಗಿರಾಕಿ, ಭಾನುವಾರ ಅರ್ಧ ದಿನಕ್ಕೆ ಡೆಮೊ ಬೈಕು ಕೊಟ್ರು. ಅಪ್ಪನ್ನ ಹಿಂದೆ ಕೂರಿಸಿಕೊಂಡು ನಾಮದ ಚಿಲುಮೆ ದಾಟಿ ದೇವರಾಯನದುರ್ಗ ಹತ್ತಿದೆ. ಎಳೆತ ಮೊದಲೆರಡರಷ್ಟು ಇರಲಿಲ್ಲ, ಮಜಾ ಕಮ್ಮಿ ಅಂತಲೇ ಹೇಳ್ತೀನಿ. ಆದರೆ ಕೆಳಗಿನ ಭೋಗನರಸಿಂಹನ ಗುಡಿಯ ಹತ್ತಿರ ಹೇಗೆ ಎಳೀತೋ ಮೇಲೆ ತಿರುವುಗಳಲ್ಲೂ ಹಾಗೇ ಎಳೀತು. ಬಿಸಿಯಾಯ್ತು ಅಂತ ಸುಸ್ತಾಗಲಿಲ್ಲ. ಮೇಲೆ ನಿಲ್ಲಿಸಿದಾಗ ಅಪ್ಪ ಮೋಟರ್ ಮೇಲೆ ಕೈ ಇಟ್ಟು ಪಟ್ಟನೆ ತೆಗೆದು, "ಸುಡ್ತಿದೆ ಕಣಮ್ಮ, ಇದು ಬೇಡ" ಅಂದ್ರು. ಅರ್ಧ ಗಂಟೆ ಜಗಳ. ಮೋಟರ್‌ಗೆ ಅಷ್ಟು ಬಿಸಿ ಮಾಮೂಲು, ಹೆಚ್ಚು ಬಿಸಿಯಾಗಬಾರದ್ದು ಬ್ಯಾಟರಿ ಅಂತ ಹೇಳಿದೆ. ಬ್ಯಾಟರಿ ಡಬ್ಬಿ ಮುಟ್ಟಿಸಿದೆ, ಬೆಚ್ಚಗಿತ್ತು ಅಷ್ಟೆ. ಒಪ್ಪಿದ್ರೋ ಇಲ್ವೋ ಗೊತ್ತಿಲ್ಲ. ಇಳಿಯುವಾಗ ಥ್ರಾಟಲ್ ಬಿಟ್ಟರೆ ಬೈಕು ತಾನೇ ಹಿಡಿದುಕೊಂಡು ಚಾರ್ಜ್ ಒಂದು ಪರ್ಸೆಂಟ್ ಏರಿದ್ದನ್ನ ನೋಡಿ ಮಾತ್ರ ಮಗುವಿನ ಹಾಗೆ ನಕ್ಕರು. "ಇಳಿಜಾರಿನಲ್ಲಿ ಪೆಟ್ರೋಲ್ ವಾಪಸ್ ಬಂದಂಗೆ!"

ಅವರು ತಪ್ಪಿದ ಜಾಗ ಇನ್ನೂ ಇವೆ. ಪ್ಲಾಸ್ಟಿಕ್ ಅಂದ್ರೆ ಕಳಪೆ, ಭಾರ ಇದ್ರೆ ಗಟ್ಟಿ ಅನ್ನೋದು ಅವರ ತಲೆಯಿಂದ ಹೋಗಲಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಭಾರ ಜಾಸ್ತಿ ಆದ್ರೂ ಬಿಸಿ ತಡೆಯುತ್ತೆ, ಹೆಚ್ಚು ಸಲ ಚಾರ್ಜ್ ಮಾಡಬಹುದು ಅಂದಾಗ "ನಾನು ಹೇಳ್ಲಿಲ್ವಾ, ಭಾರ ಇದ್ರೆ ಗಟ್ಟಿ" ಅಂದ್ರು. ಏನು ಹೇಳೋದು! ಆ ಬ್ಯಾಟರಿಯ ತಲೆನೋವೂ ಇದೆ. ವೋಲ್ಟೇಜ್ ಬಹಳ ಹೊತ್ತು ಒಂದೇ ಮಟ್ಟದಲ್ಲಿ ಇರೋದ್ರಿಂದ ಉಳಿದದ್ದೆಷ್ಟು ಅಂತ ಲೆಕ್ಕ ಹಾಕೋದು ಕಷ್ಟ. ಪರ್ಸೆಂಟು ಬಹಳ ಹೊತ್ತು 30ರಲ್ಲೇ ನಿಂತು, ಆಮೇಲೆ ಸರ್ರನೆ ಜಾರಬಹುದು.

ಹಣ ಕಟ್ಟೋ ಮೊದಲು ನಾನೊಂದು ಕೆಲಸ ಮಾಡಿದೆ. ಒಂದು ಶನಿವಾರ ಬೆಳಗ್ಗೆ ಆ ಕಂಪನಿಯ ಸರ್ವಿಸ್ ಸೆಂಟರ್ ಗೇಟಿನ ಹತ್ತಿರ ಟೀ ಕುಡೀತಾ ಮುಕ್ಕಾಲು ಗಂಟೆ ನಿಂತೆ. ಬಂದವರನ್ನ ಮಾತಾಡಿಸಿದೆ. ಒಳಗೆ ಧೂಳು ಹಿಡಿದು ಬಿಡಿಭಾಗಕ್ಕೆ ಕಾಯ್ತಿರೋ ಬೈಕು ಎಷ್ಟಿವೆ ಅಂತ ಎಣಿಸಿದೆ. ಎರಡು. ಹಳೇ ಕಂಪನಿಯ ಅಂಗಳದಲ್ಲಿ ನಾನು ಹದಿನೇಳು ಎಣಿಸಿದ್ದೆ, ಆದರೆ ಕೊಂಡ ಮೇಲೆ. ವಾರಂಟಿ ಕಾಗದವನ್ನೂ ಪೂರ್ತಿ ಓದಿದೆ. ಬ್ಯಾಟರಿಗೆ ದೊಡ್ಡ ಅಕ್ಷರದಲ್ಲಿ ವರ್ಷಗಟ್ಟಲೆ, ಚಾರ್ಜರ್‌ಗೆ, ಕಂಟ್ರೋಲರ್‌ಗೆ ಸಣ್ಣ ಅಕ್ಷರದಲ್ಲಿ ಬೇರೆ ಲೆಕ್ಕ.

ಮೂರನೆಯದನ್ನೇ ಕೊಂಡೆ. ಡೆಲಿವರಿ ದಿನ ಅಪ್ಪ ಸೈಡ್ ಸ್ಟ್ಯಾಂಡ್ ಕನೆಕ್ಟರ್ ಬಿಚ್ಚಿ, ಗ್ರೀಸ್ ತುಂಬಿ, ಮತ್ತೆ ಒತ್ತಿ ಕೂರಿಸಿದ್ರು. "ಸರ್, ವಾರಂಟಿ ಹೋಗುತ್ತೆ" ಅಂದ ಹುಡುಗ. "ನೀನು ನೋಡಿಲ್ಲ ಬಿಡು" ಅಂದ್ರು.

ಒಂದು ಮಳೆಗಾಲ ಕಳೀತು. ದೂರುಗಳಿಲ್ಲ ಅಂತಲ್ಲ. ಡಿಸ್‌ಪ್ಲೇ ಗಾಜಿನೊಳಗೆ ಮಂಜು ಕಟ್ಟಿ ಬದಲಾಯಿಸಿಕೊಟ್ರು. ಫುಲ್ ಚಾರ್ಜ್ ಆದ ಬೆಳಗ್ಗೆ ಬ್ಯಾಟರಿಯಲ್ಲಿ ಜಾಗ ಇಲ್ಲದೆ ಥ್ರಾಟಲ್ ಬಿಟ್ಟರೂ ಬೈಕು ಹಿಡಿದುಕೊಳ್ಳಲ್ಲ, ಫ್ಲೈಓವರ್ ಇಳಿಯುವಾಗ ಮೊದಲ ದಿನ ಹೆದರಿದ್ದೆ. ಈಗ 90ಕ್ಕೇ ನಿಲ್ಲಿಸ್ತೀನಿ.

ಹೋದ ತಿಂಗಳು ಅಮ್ಮ ಬಂದಿದ್ದಳು. ಭಾನುವಾರ ಯಲಹಂಕ ಸಂತೆಗೆ ಹೋಗಬೇಕು ಅಂದಳು. ಆಟೋ ಬುಕ್ ಮಾಡೋಕೆ ಫೋನ್ ತೆಗೆದೆ. "ಎಷ್ಟು ತೋರಿಸ್ತಿದೆ?" "ನೂರ ನಲವತ್ತು." ಅಮ್ಮ ಬೈಕನ್ನ ಒಂದು ಸಲ ನೋಡಿದಳು, ಮೋಡವನ್ನ ಒಂದು ಸಲ ನೋಡಿದಳು. ಚೀಲ ಮಡಚಿ ಸೆರಗಿನೊಳಗೆ ಸಿಕ್ಕಿಸಿಕೊಂಡು ಹಿಂದೆ ಹತ್ತಿ ಕೂತು ನನ್ನ ಭುಜ ಗಟ್ಟಿಯಾಗಿ ಹಿಡಿದಳು.

"ಸ್ಟ್ಯಾಂಡ್ ತೆಗೆದಿದ್ದೀಯಾ?"

"ತೆಗೆದಿದೀನಮ್ಮ."

"ಇನ್ನೊಂದ್ಸಲ ನೋಡು."

ಬಗ್ಗಿ ನೋಡಿದೆ.